ಕೂಪರೇಜ್‌ನಿಂದ ಕಂಠೀರವದವರೆಗೆ: ಅಭಿಮಾನಿಯ ನಿಷ್ಠೆ ಯಾರಿಗೆ?

ಬಿಟಿಎಂ ಲೇಔಟ್‌ನಲ್ಲೋ ಜೆ.ಪಿ. ನಗರದಲ್ಲೋ ನಾಲ್ಕು ಮಂದಿ ಯುವಕರು ಚಹಾ ಅಂಗಡಿಯ ಮುಂದೆ ಸೇರಿದರೆ ಈಗ ಫುಟ್ಬಾಲಿನ ಮಾತು ಬಾರದೆ ಇರುವುದಿಲ್ಲ. ಕೆಲಸ ಅರಸಿ ಬಂದ ಬಂಗಾಳಿಗೆ ಮೋಹನ್ ಬಾಗಾನ್ ಅಥವಾ ಈಸ್ಟ್ ಬೆಂಗಾಲ್, ಮಲಯಾಳಿಗೆ ಕೇರಳ ಬ್ಲಾಸ್ಟರ್ಸ್, ಇಲ್ಲಿಯವನಿಗೆ ಬೆಂಗಳೂರು ಎಫ್‌ಸಿ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಗಳಿಸಿದ್ದು, ಕೇರಳದ ತಂಡ ಸಿಟ್ಟಿಗೆದ್ದು ಮೈದಾನ ಬಿಟ್ಟು ನಡೆದದ್ದು ಇಂದಿಗೂ ಮುಗಿಯದ ಜಗಳ. ಜಗಳ ಬಿಸಿಯೇರಿದಾಗ "ಇಲ್ಲಿಯ ಅನ್ನ ತಿಂದು ಅಲ್ಲಿಯ ತಂಡಕ್ಕೆ ಜೈ ಅನ್ನುತ್ತೀಯಲ್ಲ" ಎಂಬ ಮೂದಲಿಕೆಯೂ ಬರುತ್ತದೆ. ತಮಾಷೆಯ ಮಾತು, ನಿಜ. ಆದರೆ ಕ್ರಿಕೆಟ್ ಪಂದ್ಯಗಳ ದಿನ ಇದೇ ಮಾತನ್ನು ತಮಾಷೆಯಿಲ್ಲದೆ ಕೇಳಿಸಿಕೊಂಡು ಬೆಳೆದ ನಮಗೆ ಅದು ಸ್ವಲ್ಪ ಚುರುಕ್ ಎನಿಸದಿರದು.

ಆದ್ದರಿಂದಲೇ 1937ರ ರೋವರ್ಸ್ ಕಪ್ಪಿನ ಕತೆಯನ್ನು ನಾವು ನೆನಪಿಸಿಕೊಳ್ಳಬೇಕು. ಬೊಂಬಾಯಿಯಲ್ಲಿ 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಬ್ರಿಟಿಷ್ ಪಲ್ಟನ್ನುಗಳದ್ದೇ ದರ್ಬಾರು. ಆ ವರ್ಷ ಕೂಪರೇಜ್ ಮೈದಾನದ ಅಂತಿಮ ಪಂದ್ಯದಲ್ಲಿ ಎದುರುಬದುರಾದವು ಎರಡು ಭಾರತೀಯ ತಂಡಗಳು, ಎರಡೂ ಮುಸ್ಲಿಮ್ ಹೆಸರಿನವು: ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಮತ್ತು ನಮ್ಮ ದಂಡು ಪ್ರದೇಶದ ಬೆಂಗಳೂರು ಮುಸ್ಲಿಮ್ಸ್.

ಮೊಹಮ್ಮಡನ್ ಸ್ಪೋರ್ಟಿಂಗ್ ಎಂದರೆ ಆಗ ಸಾಮಾನ್ಯ ತಂಡವಲ್ಲ. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. 1938ರವರೆಗೆ ಸತತ ಐದು ವರ್ಷ ಆ ಕಿರೀಟವನ್ನು ಬಿಟ್ಟುಕೊಡಲಿಲ್ಲ. ಅದು ಗೆದ್ದಾಗಲೆಲ್ಲ ದೂರದೂರದ ಊರುಗಳ ಮುಸ್ಲಿಮರೂ ಹಿಗ್ಗುತ್ತಿದ್ದರು. ಅದರ ಗೆಲುವಿನಲ್ಲಿ ಬೆಂಗಳೂರಿನ ಪಾಲೂ ಇತ್ತು. ಕಲ್ಕತ್ತಾದವರು ಇಲ್ಲಿಯ ಚುರುಕಾದ ಹುಡುಗರನ್ನು ಹುಡುಕಿ ಕರೆದೊಯ್ಯುತ್ತಿದ್ದರು. ಅಂದ ಮೇಲೆ ಬೆಂಗಳೂರಿನ ಮುಸ್ಲಿಮ್ ಅಭಿಮಾನಿ ಯಾರ ಕಡೆ ನಿಲ್ಲಬೇಕು? ಸಮುದಾಯದ ಹೆಮ್ಮೆಯಾಗಿದ್ದ ತಂಡದ ಕಡೆಗೋ, ಮಗ್ಗುಲ ಬೀದಿಯ ಹುಡುಗರ ಕಡೆಗೋ?

ಬೆಂಗಳೂರು 1-0ಯಿಂದ ಗೆದ್ದಿತು. ಮರುವರ್ಷವೂ ಕಪ್ಪು ಬೆಂಗಳೂರು ಮುಸ್ಲಿಮ್ಸ್‌ಗೇ ಬಂತು. 1940ರಲ್ಲಿ ಅದೇ ಎರಡು ತಂಡಗಳು ಮತ್ತೆ ಅಂತಿಮ ಪಂದ್ಯದಲ್ಲಿ ಸೆಣಸಿದಾಗ ಕಲ್ಕತ್ತಾ ಸೇಡು ತೀರಿಸಿಕೊಂಡಿತು. ಒಂದೇ ಧರ್ಮದ ಹೆಸರು ಹೊತ್ತ ಮಾತ್ರಕ್ಕೆ ಒಂದು ತಂಡ ಇನ್ನೊಂದಕ್ಕೆ ದಾರಿ ಬಿಟ್ಟುಕೊಡಲಿಲ್ಲ.

ಇಂಥ ಹೆಸರುಗಳನ್ನು ಇಂದಿನ ಕಣ್ಣಿನಿಂದ ನೋಡಿ ಕೋಮುವಾದವೆಂದು ತಳ್ಳಿಹಾಕುವುದು ಸುಲಭ. ಆ ಕಾಲದಲ್ಲಿ ಬೊಂಬಾಯಿಯ ಕ್ರಿಕೆಟ್ಟೇ ಹಿಂದೂ, ಪಾರ್ಸಿ, ಮುಸ್ಲಿಮ್, ಯುರೋಪಿಯನ್ ತಂಡಗಳಾಗಿ ಹಂಚಿಹೋಗಿತ್ತು. ಗಾಂಧೀಜಿ ಅದನ್ನು ವಿರೋಧಿಸಿದ್ದು ಸರಿಯೇ. ಆದರೆ ಹೆಸರು ನೋಡಿ ತೀರ್ಪು ಕೊಡುವವರು ಮುಂದೆ ನಡೆದದ್ದನ್ನೂ ನೋಡಬೇಕು. ದೇಶ ವಿಭಜನೆಯ ಗಾಯ ಹಸಿಯಾಗಿದ್ದ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅದೇ ಹೆಸರಿನಲ್ಲಿ ಆಡಿ, ಮೋಹನ್ ಬಾಗಾನ್ ತಂಡವನ್ನು ಮಣಿಸಿ ಮೂರನೆಯ ಬಾರಿ ರೋವರ್ಸ್ ಕಪ್ ಎತ್ತಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ಮೊದಲ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್, ವಜ್ರವೇಲು, ಸಾರಂಗಪಾಣಿ ರಾಮನ್ ಇದ್ದರು. ಬಹುತೇಕ ಮಂದಿ ಬರಿಗಾಲಿನಲ್ಲೇ ಆಡಿದರು. ಫ್ರಾನ್ಸ್ ವಿರುದ್ಧ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 2-1ರಿಂದ ಸೋತಿತು. ಭಾರತದ ಆ ಏಕೈಕ ಗೋಲು ರಾಮನ್ ಅವರದು. (ಜಯನಗರ ಬಡಾವಣೆ ತಲೆಯೆತ್ತಿದ್ದೂ ಅದೇ 1948ರಲ್ಲಿ. ನಗರದ ಫುಟ್ಬಾಲ್ ಆಗ ದಂಡಿನ ಕಡೆಯದು, ದಕ್ಷಿಣಕ್ಕೆ ಬರಲು ಬಹಳ ಕಾಲ ಹಿಡಿಯಿತು.)

ಅಹ್ಮದ್ ಖಾನರ ಮುಂದಿನ ದಾರಿ ಇನ್ನೂ ಸ್ವಾರಸ್ಯಕರ. ಅವರು ಹೋಗಿ ಸೇರಿದ್ದು ಈಸ್ಟ್ ಬೆಂಗಾಲ್ ಕ್ಲಬ್ಬನ್ನು. ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರು ತಮ್ಮದೆಂದು ಎದೆಗೊತ್ತಿಕೊಂಡ ಕ್ಲಬ್ ಅದು. ಅದರ ಐವರು ಮುನ್ಪಡೆ ಆಟಗಾರರನ್ನು ಜನ 'ಪಂಚಪಾಂಡವರು' ಎಂದೇ ಕರೆದರು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್, ಸಾಲೆಹ್. ಐವರಲ್ಲಿ ಇಬ್ಬರು ಬೆಂಗಳೂರಿನವರು, ಇಬ್ಬರು ಮುಸ್ಲಿಮರು, ಬಂಗಾಳಿ ಒಬ್ಬನೂ ಇಲ್ಲ! ವಿಭಜನೆಯಿಂದ ನೊಂದ ಜನ ತಮ್ಮ ಪಾಂಡವರಲ್ಲೊಬ್ಬ ಅಹ್ಮದ್ ಎಂಬುದಕ್ಕೆ ಮುಖ ಸಿಂಡರಿಸಲಿಲ್ಲ. ನಿಷ್ಠೆಯ ಪರೀಕ್ಷೆಗೆ ಕುಳ್ಳಿರಿಸುವವರು ಈ ಪುಟವನ್ನು ಒಮ್ಮೆ ತಿರುವಿ ಹಾಕಲಿ. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಇದ್ದ ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು.

ಆಟಗಾರರ ನಂತರ ಬೆಂಗಳೂರು ಕಲ್ಕತ್ತಾಕ್ಕೆ ಕಳಿಸಿದ್ದು ಹಣವನ್ನು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್‌ಗಳ ವೈರ ಎಂಥದ್ದೆಂದರೆ, 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಗಲಭೆ ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. 1997ರ ಜುಲೈನಲ್ಲಿ ಇವೆರಡರ ಪಂದ್ಯ ನೋಡಲು ಸಾಲ್ಟ್ ಲೇಕ್‌ನಲ್ಲಿ 1,31,000ಕ್ಕೂ ಹೆಚ್ಚು ಜನ ನೆರೆದಿದ್ದರು. ಇದಾದ ಮರುವರ್ಷವೇ ಬೆಂಗಳೂರಿನ ಯು.ಬಿ. ಸಮೂಹ ಎರಡೂ ತಂಡಗಳಲ್ಲಿ ಅರ್ಧರ್ಧ ಪಾಲು ಪಡೆಯಿತು. ಒಂದು ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು, ಇನ್ನೊಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್. ಯಾರಿಗಾಗಿ ಜನ ಪ್ರಾಣ ತೆತ್ತಿದ್ದರೋ ಆ ಎರಡು ತಂಡಗಳ ಎದೆಯ ಮೇಲೆ ಒಂದೇ ಮನೆಯ ಎರಡು ಮದ್ಯದ ಹೆಸರು! ಮದ್ಯದ ವಿಷಯದಲ್ಲಿ ನಮ್ಮ ನಿಲುವು ಓದುಗರಿಗೆ ತಿಳಿದದ್ದೇ. ಅದನ್ನು ಬದಿಗಿಟ್ಟರೂ, ಎರಡೂ ಕಡೆಯ ಗಲ್ಲಾ ಒಬ್ಬನದೇ ಆದರೆ ಸೋಲು-ಗೆಲುವಿನ ಮೇಲಿನ ನಂಬಿಕೆ ಏನಾಗಬೇಕು?

ಯುರೋಪಿನಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ಒಬ್ಬ ಒಡೆಯನ ಹಿಡಿತದಲ್ಲಿರುವ ಎರಡು ಕ್ಲಬ್‌ಗಳು ಒಂದೇ ಪಂದ್ಯಾವಳಿಯಲ್ಲಿ ಆಡುವಂತಿಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ 2025ರಲ್ಲಿ ಈ ಕಾರಣಕ್ಕಾಗಿಯೇ ಕೆಳಗಿನ ಪಂದ್ಯಾವಳಿಗೆ ಇಳಿಯಬೇಕಾಯಿತು. ಅದರ ಪಾಲುದಾರರೊಬ್ಬರ ಹಿಡಿತದಲ್ಲಿ ಫ್ರಾನ್ಸಿನ ಲಿಯೋನ್ ಕ್ಲಬ್ಬೂ ಇತ್ತು.

ನಮ್ಮಲ್ಲಿ ನಿಯಮಕ್ಕಿಂತ ಮುಂಚೆ ಎಚ್ಚೆತ್ತವರು ಅಭಿಮಾನಿಗಳು. 2020ರಲ್ಲಿ ಗೋಯೆಂಕಾ ಸಮೂಹವು ಮೋಹನ್ ಬಾಗಾನ್‌ನ ಶೇ. 80 ಪಾಲು ಪಡೆದು ತನ್ನ ಎಟಿಕೆ ಹೆಸರನ್ನು ಅದರ ಮುಂದೆ ಅಂಟಿಸಿತು. ಒಂದು ಶತಮಾನ ದಾಟಿದ ಕ್ಲಬ್ಬಿನ ಹೆಸರಿಗೆ ನಿನ್ನೆಮೊನ್ನೆಯ ಕಂಪೆನಿಯ ಬಾಲವೇಕೆ ಎಂದು ಜನ ಬೀದಿಗಿಳಿದರು. ಮೂರು ವರ್ಷ ಪಟ್ಟು ಬಿಡಲಿಲ್ಲ. 2023ರ ಮಾರ್ಚ್ 18ರಂದು ಗೋವಾದಲ್ಲಿ ಆ ತಂಡ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಐಎಸ್‌ಎಲ್ ಗೆದ್ದ ರಾತ್ರಿಯೇ ಎಟಿಕೆ ಹೆಸರು ಕಳಚುವುದಾಗಿ ಒಡೆಯರು ಘೋಷಿಸಿದರು. ಬದಲಿಗೆ ಬಂದದ್ದು 'ಸೂಪರ್ ಜೈಂಟ್'. ಅದು ಅದೇ ಸಮೂಹದ ಲಕ್ನೋ ಕ್ರಿಕೆಟ್ ತಂಡದ ಹೆಸರಿನ ತುಂಡು!

ಜಯನಗರದ ಹುಡುಗರು ಕಲ್ಕತ್ತಾದವರನ್ನು ನೋಡಿ ನಗುವಂತಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದು ಜೆಎಸ್‌ಡಬ್ಲ್ಯು ಸಮೂಹ. 2018ರಲ್ಲಿ ಅದು ದೆಹಲಿಯ ಐಪಿಎಲ್ ತಂಡದಲ್ಲೂ ಅರ್ಧ ಪಾಲು ಪಡೆಯಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಗಂಟಲು ಹರಿದುಕೊಳ್ಳುವ ಹುಡುಗನೇ ಬೇಸಿಗೆಯಲ್ಲಿ ಕೆಂಪು ಅಂಗಿ ತೊಟ್ಟು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುತ್ತಾನೆ. ಅಲ್ಲಿ ದೆಹಲಿಯ ವಿಕೆಟ್ ಬಿದ್ದರೆ ಕುಣಿಯುತ್ತಾನೆ. ಒಡೆಯರ ಲೆಕ್ಕಪುಸ್ತಕದಲ್ಲಿ ಅವೆರಡೂ ಒಂದೇ ಮನೆಯ ಮಕ್ಕಳು ಎಂದು ನೆನಪಿಸಿದರೆ, "ಅದು ಅವರ ಲೆಕ್ಕ ಸಾರ್, ನಮ್ಮದಲ್ಲ" ಎಂದು ಚಹಾದ ಲೋಟ ಕೆಳಗಿಡುತ್ತಾನೆ.