ಗುಹೆಯೊಳಗಿನ ಪಾಠಾಂತರ

ಅನ್ವೇಷಣೆಯೂ ರಹಸ್ಯವೂ ಕೂಡಿದ, ಆಡಿ ಮುಗಿಸಿದ ಮೇಲೂ ನೆನಪಿನಲ್ಲಿ ನಿಲ್ಲುವ ವಿಡಿಯೋ ಆಟ ಯಾವುದೆಂದು ಕೇಳಿದವರಿಗೆ ನಾನು ಚಿತ್ರವೇ ಇಲ್ಲದ ಒಂದು ಆಟವನ್ನು ಹೆಸರಿಸುತ್ತೇನೆ. ಕೇಳಿದವರು ನಗುತ್ತಾರೆ. ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಇದಕ್ಕಿಂತ ಹೆಚ್ಚೇನು ತಿಳಿದೀತು ಎಂಬ ಅರ್ಥವೂ ಆ ನಗೆಯಲ್ಲಿರುವುದುಂಟು. ಆದರೂ ಆ ಆಟದ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದು ನನಗೆ ಆಸೆ. ನಮ್ಮ ಗ್ರಂಥಸಂಪಾದಕರು ತಲೆದೂಗುವಂಥ ಪ್ರಸಂಗವೊಂದು ಅದರಲ್ಲಿದೆ.

ಆಟದ ಹೆಸರು 'ಅಡ್ವೆಂಚರ್'. ರಚಿಸಿದವನು ವಿಲ್ ಕ್ರೌದರ್, ಇಂದಿನ ಅಂತರಜಾಲದ ಪೂರ್ವಜವಾದ ಆರ್ಪಾನೆಟ್ಟನ್ನು ಅಮೆರಿಕದಲ್ಲಿ ಕಟ್ಟಿದವರಲ್ಲಿ ಒಬ್ಬ. ಬಿಡುವು ದೊರೆತಾಗಲೆಲ್ಲ ಆತನೂ ಪತ್ನಿ ಪ್ಯಾಟ್ರೀಷಿಯಾಳೂ ಕೆಂಟಕಿಯ ಸುಣ್ಣಕಲ್ಲಿನ ಗುಹೆಗಳಿಗಿಳಿದು ಅಳತೆ ಮಾಡುತ್ತಿದ್ದರು. ಮನೆಗೆ ಬಂದು ಆ ಅಳತೆಗಳನ್ನು ಗಣಕಕ್ಕೆ ಉಣಿಸಿ ನಕ್ಷೆ ತೆಗೆಯುತ್ತಿದ್ದರು. ಅಲ್ಲಿಯ ಮ್ಯಾಮತ್ ಗುಹೆಗೆ ನಕ್ಷೆಕಾರರ ಹಳೆಯ ಪರಂಪರೆಯೇ ಇದೆ. 1842ರಲ್ಲಿ ನೆನಪಿನಿಂದಲೇ ಅದರ ನಕ್ಷೆ ಬರೆದ ಮಾರ್ಗದರ್ಶಿ ಸ್ಟೀಫನ್ ಬಿಷಪ್ ಒಬ್ಬ ಗುಲಾಮ. ಆ ಕತ್ತಲಲ್ಲಿ ಯಾರನ್ನೂ ದಾರಿ ತಪ್ಪಿಸದೆ ಕರೆತರುತ್ತಿದ್ದ ಆತನಿಗೆ ಬಿಡುಗಡೆ ದೊರೆತದ್ದು 1856ರಲ್ಲಿ, ಮರುವರ್ಷವೇ ತೀರಿಕೊಂಡ. 1972ರಲ್ಲಿ ಪ್ಯಾಟ್ರೀಷಿಯಾ ಇಕ್ಕಟ್ಟಾದ ಬಿರುಕೊಂದರಲ್ಲಿ ನುಸುಳಿ ತೆರೆದ ದಾರಿಯೇ, ಫ್ಲಿಂಟ್ ರಿಜ್ ಮತ್ತು ಮ್ಯಾಮತ್ ಗುಹೆಗಳೆರಡೂ ಒಂದೇ ಎಂಬುದನ್ನು ತೋರಿಸಿಕೊಟ್ಟಿತು. ಆ ದಾರಿಯ ಗೋಡೆಯ ಮೇಲೆ 'ಪೀಟ್ ಎಚ್' ಎಂಬ ಹೆಸರನ್ನೂ ಒಂದು ಬಾಣವನ್ನೂ ಹಿಂದೊಬ್ಬ ಅನ್ವೇಷಕ ಗೀಚಿ ಹೋಗಿದ್ದ.

ಮುಂದೆ ದಾಂಪತ್ಯ ಮುರಿಯಿತು. ಗುಹೆಗೆ ಹೋದರೆ ಹಳೆಯ ಸಂಗಡಿಗರ ನಡುವೆ ಇರಿಸುಮುರಿಸು. ಹೆಣ್ಣುಮಕ್ಕಳಿಬ್ಬರೂ ಬರುತ್ತಿದ್ದದ್ದು ಅಪರೂಪಕ್ಕೆ. ಗುಹೆಯನ್ನೂ ಮಕ್ಕಳನ್ನೂ ಒಟ್ಟಿಗೆ ಕಳೆದುಕೊಂಡ ಆ ತಂದೆ, 1975-76ರ ಸುಮಾರಿಗೆ, ಮಕ್ಕಳು ಬಂದಾಗ ಆಡಲೆಂದು ತಾನು ತೆವಳಿದ್ದ ಬೆಡ್‌ಕ್ವಿಲ್ಟ್ ಗುಹೆಯನ್ನು ಮಾತಿನಲ್ಲಿ ಕಟ್ಟಿದ. ಗಣಕವು ನಾವು ನಿಂತಿರುವ ತಾಣವನ್ನು ಎರಡು ವಾಕ್ಯಗಳಲ್ಲಿ ವರ್ಣಿಸುತ್ತದೆ. ನಾವು ಒಂದೆರಡು ಪದಗಳಲ್ಲಿ ಅಪ್ಪಣೆ ಕೊಡಬೇಕು. ದೀಪ ಹಿಡಿದುಕೋ, ಕೆಳಗಿಳಿ, ಪಶ್ಚಿಮಕ್ಕೆ ಹೋಗು. ಇಷ್ಟೇ ಆಟ.

1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಎಂಬ ಯುವಕ, ಕ್ರೌದರನ ಅನುಮತಿ ಪಡೆದು, ನಿಧಿಗಳನ್ನೂ ಕಡಲುಗಳ್ಳನನ್ನೂ ಹೊಸ ಕೋಣೆಗಳನ್ನೂ ಸೇರಿಸಿ ಅದನ್ನು ಬೆಳೆಸಿದ. ಲೋಕವೆಲ್ಲ ಆಡಿದ್ದು ಈ ಬೆಳೆದ ಪಾಠವನ್ನು. ಮೂಲಪ್ರತಿ ಕಣ್ಮರೆಯಾಯಿತು. ಕ್ರೌದರನದು ಬರಿಯ ಗುಹೆಯ ವರ್ಣನೆ, ಅದ್ಭುತರಸವೆಲ್ಲ ವುಡ್ಸನ ಪ್ರಕ್ಷೇಪ ಎಂಬ ಮಾತು ರೂಢಿಗೆ ಬಂತು. ಪ್ರತಿ ನೋಡದೆ ಹೇಳಿದ ಮಾತು ಎಷ್ಟು ಸಲೀಸಾಗಿ ಸಿದ್ಧಾಂತವಾಗುತ್ತದೆಂಬುದು ನಮ್ಮ ವಿಭಾಗಗಳಲ್ಲಿ ಕೆಲಸ ಮಾಡಿದವರಿಗೆ ಹೊಸತಲ್ಲ.

ಇದನ್ನು ಬಗೆಹರಿಸಿದವನು ಗಣಕಪಂಡಿತನಲ್ಲ, ಡೆನ್ನಿಸ್ ಜೆರ್ಜ್ ಎಂಬ ಇಂಗ್ಲಿಷ್ ಅಧ್ಯಾಪಕ. ವುಡ್ಸನ ಹಳೆಯ ವಿದ್ಯಾರ್ಥಿಖಾತೆಯ ಕಡತಗಳಲ್ಲಿ 2005ರಲ್ಲಿ ಮೂಲಪ್ರತಿ ಸಿಕ್ಕಿತು. ಜೆರ್ಜ್ ಅದನ್ನು ಪದಪದವಾಗಿ ವುಡ್ಸನ ಪಾಠದೊಡನೆ ತಾಳೆ ನೋಡಿದ. ಅಷ್ಟಕ್ಕೆ ತೃಪ್ತನಾಗದೆ ತಾನೇ ಬೆಡ್‌ಕ್ವಿಲ್ಟಿಗೆ ಇಳಿದ. 2007ರಲ್ಲಿ ಪ್ರಕಟವಾದ ಆತನ ಪ್ರಬಂಧದಿಂದ ತಿಳಿದದ್ದು: ಮಂತ್ರದ ಪದವೂ ಕೊಡಲಿ ಎಸೆಯುವ ಕುಬ್ಜರೂ ಕ್ರೌದರನ ಮೂಲದಲ್ಲೇ ಇದ್ದಾರೆ, ಅದೇ ಹೊತ್ತಿಗೆ ಕಬ್ಬಿಣದ ಜಾಲರಿ, ತೆವಳುದಾರಿ, ಕಲ್ಲಿನ ಬಣ್ಣಗಳವರೆಗೆ ಮೂಲವು ನಿಜವಾದ ಗುಹೆಗೆ ನಿಷ್ಠವಾಗಿದೆ. ಆಟದಲ್ಲಿ 'ವೈ2' ಎಂಬೊಂದು ವಿಚಿತ್ರ ಬರಹವಿದೆ. ಅದು ಒಗಟಲ್ಲ, ಅಳತೆಗಾರರ ಗುರುತು. ಆಟವನ್ನಷ್ಟೇ ಬಲ್ಲ ಗುಹಾಯಾತ್ರಿಯೊಬ್ಬರು ಮೊದಲ ಸಲ ಬೆಡ್‌ಕ್ವಿಲ್ಟಿಗೆ ಇಳಿದು ತಾವೇ ದಾರಿ ಕಂಡುಕೊಂಡರೆಂಬ ಕಥೆಯನ್ನೂ ಹೇಳುತ್ತಾರೆ.

ಆದ್ದರಿಂದ, ಹೊಸ ಆಟವೊಂದನ್ನು ಯಾರಾದರೂ ಹೊಗಳಿದರೆ ನಾನು ಕೇಳುವುದು ಒಂದೇ: ಮಾಡಿದವನು ಆ ಕತ್ತಲಲ್ಲಿ ತಾನು ನಡೆದಿದ್ದನೇ? ಸಹಸ್ರ ಕೋಣೆಗಳಿದ್ದರೂ ಯಾರೂ ನಡೆಯದ ಜಾಗ ನೆನಪಿನಲ್ಲಿ ನಿಲ್ಲುವುದು ಕಷ್ಟ.

ನಾನು ಇದನ್ನು ಆಡಿದ್ದು ಕಾಗದ, ಸೀಸದಕಡ್ಡಿ ಮುಂದಿಟ್ಟುಕೊಂಡು. ಒಂದು ಚಕ್ರವ್ಯೂಹವಿದೆ, ಅಲ್ಲಿನ ತಾಣಗಳೆಲ್ಲ ಒಂದೇ ತೆರ, ವರ್ಣನೆಯಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ. ಎರಡು ಸಂಜೆ ಸುತ್ತಿದ ಮೇಲೆ ಹೊಳೆಯಿತು: ಕೈಯಲ್ಲಿರುವ ವಸ್ತುಗಳನ್ನು ಒಂದೊಂದು ಕಡೆ ಬಿಟ್ಟು ಹೋಗಬೇಕು. ಬೀಗದಕೈ ಒಂದೆಡೆ, ಬಾಟಲಿ ಇನ್ನೊಂದೆಡೆ, ತಿಂಡಿಯ ಪೊಟ್ಟಣ ಮತ್ತೊಂದೆಡೆ. ದೀಪವೊಂದನ್ನು ಮಾತ್ರ ಬಿಡಲಿಲ್ಲ. ನನ್ನ ನಕ್ಷೆಯಲ್ಲಿ ಮೂರು ತಾಣಗಳು ಯಾವುದಕ್ಕೂ ಕೂಡದೆ ಇನ್ನೂ ಹಾಗೆಯೇ ಇವೆ.