ಮರಣಪತ್ರದ ಎರಡನೆಯ ಭಾಗ: ಮಹಾಮಾರಿಯ ದಿನಗಳಲ್ಲಿ ಮಧುಮೇಹ

2021ರ ಮೇ ತಿಂಗಳಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ನನ್ನ ಚಿಕ್ಕಪ್ಪ ತೀರಿಕೊಂಡರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ನಾಲ್ಕು ದಿನ ಜ್ವರ, ಐದನೆಯ ದಿನ ಏದುಸಿರು, ಆರನೆಯ ದಿನ ಬೆಳಗಿನ ಜಾವ ಎಲ್ಲವೂ ಮುಗಿದಿತ್ತು. ಸೋಂಕಿನ ಪರೀಕ್ಷೆ ಮಾಡಿಸಿರಲಿಲ್ಲ. ಮರಣ ನೋಂದಣಿಯ ಸಮಯದಲ್ಲಿ ಕಾರಣವೇನೆಂದು ಕೇಳಿದಾಗ ಅವರ ಮಗ ಹೇಳಿದ್ದು ಎರಡೇ ಪದ: "ಶುಗರ್ ಇತ್ತು." ಹಾಗೆಯೇ ದಾಖಲಾಯಿತು.

ಈ ಉತ್ತರ ಸುಳ್ಳಲ್ಲ. ಆದರೆ ಇದು ಸರಿಯೇ? ಮಹಾಮಾರಿಯೊಂದು ಹಬ್ಬಿರುವಾಗ ಮಧುಮೇಹಿಯೊಬ್ಬ ಸತ್ತರೆ ಆ ಸಾವು ಯಾವುದರ ಲೆಕ್ಕಕ್ಕೆ ಸೇರಬೇಕು? ಇದು ಬರಿಯ ಕಾಗದಪತ್ರದ ಪ್ರಶ್ನೆ ಎಂದು ನೀವು ಭಾವಿಸಬಹುದು. ಆದರೆ ಇದರ ಹಿಂದೆ ನೂರು ವರ್ಷಗಳ ವಿಜ್ಞಾನದ ಇತಿಹಾಸವಿದೆ. ಅದನ್ನು ಸ್ವಲ್ಪ ನೋಡೋಣ.

ಅಂಕಣವೇ ಇಲ್ಲದ ಕಾಯಿಲೆ

1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬೊಂಬಾಯಿ ಬಂದರಿನಿಂದ ರೈಲು ಮಾರ್ಗಗಳ ಗುಂಟ ದೇಶದೊಳಕ್ಕೆ ಹರಡಿತು. ಮೈಸೂರು ಸಂಸ್ಥಾನವೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಆ ವೇಳೆಗಾಗಲೇ ರೈಲು ಓಡಾಡುತ್ತಿತ್ತು. ಹಳ್ಳಿಗಳಲ್ಲಿ ಸಾವನ್ನು ಬರೆದುಕೊಳ್ಳುತ್ತಿದ್ದವರು ಗ್ರಾಮಾಧಿಕಾರಿಗಳು, ವೈದ್ಯರಲ್ಲ. ಅಂದಿನ ಭಾರತದ ಮರಣ ಪಟ್ಟಿಗಳಲ್ಲಿದ್ದ ಮುಖ್ಯ ಅಂಕಣಗಳು ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಶ್ವಾಸದ ಕಾಯಿಲೆ, ಅಪಘಾತ ಮುಂತಾದವು ಮಾತ್ರ. ಇನ್‌ಫ್ಲುಯೆಂಜಾದಿಂದ ಸತ್ತವರಲ್ಲಿ ಬಹುಪಾಲು ಜನ 'ಜ್ವರ' ಎಂಬ ಅಂಕಣದಲ್ಲಿ ಕರಗಿಹೋದರು. ಮಧುಮೇಹಕ್ಕೆ ಅಂಕಣವೇ ಇರಲಿಲ್ಲ.

ಹಾಗಾದರೆ ಆ ಮಹಾಮಾರಿಯ ಗಾತ್ರ ತಿಳಿದದ್ದು ಹೇಗೆ? 1921ರ ಜನಗಣತಿಯಿಂದ. 1911ರಲ್ಲಿ ಸುಮಾರು 25.21 ಕೋಟಿ ಇದ್ದ ದೇಶದ ಜನಸಂಖ್ಯೆ (ಇಂದಿನ ಭಾರತದ ಎಲ್ಲೆಗಳಿಗೆ ಹೊಂದಿಸಿದಂತೆ) 1921ರಲ್ಲಿ 25.13 ಕೋಟಿಗೆ ಇಳಿದಿತ್ತು. ಜನಗಣತಿಯ ಇತಿಹಾಸದಲ್ಲಿ ಭಾರತದ ಜನಸಂಖ್ಯೆ ಇಳಿದ ದಶಕ ಅದೊಂದೇ. ಮೈಸೂರು ಸಂಸ್ಥಾನದಲ್ಲಿ 58.06 ಲಕ್ಷವಿದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಕೇವಲ 59.79 ಲಕ್ಷಕ್ಕೆ ಏರಿತು. ಒಟ್ಟು ಸಾವನ್ನು ಹೀಗೆ ಎಣಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ಆದರೆ ಅವರಲ್ಲಿ ಮಧುಮೇಹಿಗಳು ಎಷ್ಟು ಮಂದಿ ಎಂಬುದನ್ನು ಯಾವ ಜನಗಣತಿಯೂ ಹೇಳಲಾರದು.

ಮೊದಲ ಇನ್ಸುಲಿನ್ ಪಡೆದವನ ಸಾವು

1918ರಲ್ಲಿ ಇನ್ಸುಲಿನ್ ಇರಲಿಲ್ಲ. ಅದು ಬಂದದ್ದು ಟೊರಾಂಟೊದ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಾಡ್ ಮತ್ತು ಕಾಲಿಪ್ ಅವರ ಕೆಲಸದಿಂದ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಸಾವಿನ ಅಂಚಿನಲ್ಲಿದ್ದ ಹುಡುಗ ಬದುಕಿ ಉಳಿದ. ಆದರೆ 1935ರಲ್ಲಿ, ತನ್ನ 20ರ ಹರೆಯದಲ್ಲಿಯೇ, ನ್ಯುಮೋನಿಯಾದಿಂದ ತೀರಿಕೊಂಡ. ಅವನನ್ನು ಕೊಂದದ್ದು ಯಾವುದು, ಮಧುಮೇಹವೋ ನ್ಯುಮೋನಿಯಾವೋ? ಚಿಕ್ಕಪ್ಪನ ವಿಷಯದಲ್ಲಿ ನಾವು ಕೇಳಿದ ಪ್ರಶ್ನೆಯೇ ಇದು.

ಇಂತಹ ಗೊಂದಲವನ್ನು ಬಿಡಿಸಲೆಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಒಂದು ಅಂತರರಾಷ್ಟ್ರೀಯ ಮರಣಕಾರಣ ಪತ್ರವನ್ನು ಒಪ್ಪಿಕೊಂಡಿತು. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯ ಅಡಿಯಲ್ಲಿ ವೈದ್ಯರು ತುಂಬುವ ನಮೂನೆ 4 ಮತ್ತು 4ಎ ಇದೇ ಮಾದರಿಯವು. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಒಂದು ಸರಪಳಿ: ಮೇಲಿನ ಸಾಲಿನಲ್ಲಿ ಸಾವಿಗೆ ತಕ್ಷಣದ ಕಾರಣ, ಅದರ ಕೆಳಗೆ ಅದನ್ನು ಉಂಟುಮಾಡಿದ ಕಾರಣ, ಎಲ್ಲಕ್ಕೂ ಕೆಳಗೆ ಸರಪಳಿಯನ್ನು ಆರಂಭಿಸಿದ ಮೂಲ ಕಾರಣ. ಎರಡನೆಯ ಭಾಗದಲ್ಲಿ ಸಾವಿಗೆ ನೆರವಾದ, ಆದರೆ ಸರಪಳಿಯಲ್ಲಿ ಸೇರದ ಇತರ ಕಾಯಿಲೆಗಳು. ಅಂಕಿಅಂಶಗಳಲ್ಲಿ ಮುಖ್ಯವಾಗಿ ಎಣಿಕೆಯಾಗುವುದು ಮೂಲ ಕಾರಣ.

2020ರಲ್ಲಿ ಬೆಂಗಳೂರಿನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು ಕೋವಿಡ್ ಸಾವುಗಳನ್ನು ದಾಖಲಿಸುವ ಬಗೆಯನ್ನು ಕುರಿತು ವೈದ್ಯರಿಗೆ ಮಾರ್ಗದರ್ಶಿಯೊಂದನ್ನು ಹೊರತಂದಿತು. ಅದರ ಪ್ರಕಾರ ಮಧುಮೇಹಿಗೆ ಕೋವಿಡ್ ತಗುಲಿ, ನ್ಯುಮೋನಿಯಾ ಆಗಿ, ಉಸಿರಾಟ ವಿಫಲವಾಗಿ ಸಾವು ಸಂಭವಿಸಿದರೆ ಮೂಲ ಕಾರಣ ಕೋವಿಡ್. ಮಧುಮೇಹದ ಜಾಗ ಎರಡನೆಯ ಭಾಗದಲ್ಲಿ. ಲಾಕ್‌ಡೌನಿನಲ್ಲಿ ಇನ್ಸುಲಿನ್ ಸಿಗದೆ, ಕೀಟೋನುಗಳಿಂದ ರಕ್ತ ಆಮ್ಲೀಯವಾಗಿ ಸತ್ತವರ ವಿಷಯವೇ ಬೇರೆ. ಅವರಲ್ಲಿ ಸರಪಳಿಯನ್ನು ಆರಂಭಿಸಿದ್ದು ಮಧುಮೇಹವೇ, ಆದ್ದರಿಂದ ಅದರ ಜಾಗ ಮೊದಲನೆಯ ಭಾಗದಲ್ಲಿ. ಸಾವಿನ ಕಾಲ ಒಂದೇ ಆದರೂ ಲೆಕ್ಕಗಳು ಎರಡು.

ನಂಜನಗೂಡಿನಿಂದ ಆರಂಭ

ಮೈಸೂರು ಜಿಲ್ಲೆಯ ಕೋವಿಡ್ ಕಥೆಯ ಮೊದಲ ಅಧ್ಯಾಯ ನಂಜನಗೂಡಿನದು. 2020ರ ಮಾರ್ಚ್ ಕೊನೆಯ ವಾರದಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡಿತು. ಜಿಲ್ಲೆಯ ಮೊದಲ 90 ಪ್ರಕರಣಗಳಲ್ಲಿ ಬಹುಪಾಲು ಈ ಗುಂಪಿಗೆ ಸೇರಿದ್ದವು. ಮೇ ಮಧ್ಯಭಾಗದ ವೇಳೆಗೆ ಆ 90 ಮಂದಿಯೂ ಗುಣಮುಖರಾದರು, ಒಬ್ಬರೂ ಸಾಯಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವವರು ಹೆಚ್ಚಾಗಿ ಕಡಿಮೆ ವಯಸ್ಸಿನವರು ಎಂಬುದನ್ನು ಇಲ್ಲಿ ಮರೆಯಬಾರದು.

ಸೋಂಕು ಮನೆಯ ಹಿರಿಯರನ್ನು ತಲುಪಿದ ಮೇಲೆ ಚಿತ್ರ ಬದಲಾಯಿತು. ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಿಂದ ಮೇ ನಡುವಿನ ವರೆಗೆ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಮಧುಮೇಹಿಗಳೆಂದು ಅಲ್ಲಿನ ಅಧ್ಯಯನವೊಂದು ತೋರಿಸಿತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳುತ್ತದೆ. ಇದು ಪಟ್ಟಣದವರ ಕಾಯಿಲೆ ಎಂಬ ಮಾತು ಈಗ ಸಲ್ಲದು. ಕಪಿಲೆ ಮತ್ತು ಕಾವೇರಿಯ ಕಾಲುವೆ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಹಳ್ಳಿಗಳಲ್ಲೂ ಸಕ್ಕರೆ ಮಾತ್ರೆ ಇಟ್ಟುಕೊಂಡಿರುವ ಮನೆಗಳು ಇವೆ.

ಮಧುಮೇಹಿಗಳಿಗೇ ಏಕೆ ಹೆಚ್ಚು ಅಪಾಯ? ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಹೆಚ್ಚಾಗಿದ್ದರೆ ಬಿಳಿ ರಕ್ತಕಣಗಳ ಹೋರಾಟದ ಶಕ್ತಿ ಕುಗ್ಗುತ್ತದೆ, ಸಣ್ಣ ರಕ್ತನಾಳಗಳ ಒಳಪದರ ಹಾಳಾಗುತ್ತದೆ. ಸೋಂಕು ಬಂದಾಗ ದೇಹ ಹೊರಹಾಕುವ ಒತ್ತಡದ ಹಾರ್ಮೋನುಗಳು ಸಕ್ಕರೆಯನ್ನು ಇನ್ನೂ ಏರಿಸುತ್ತವೆ. ಇದರ ಮೇಲೆ ಚಿಕಿತ್ಸೆಯ ಪ್ರಭಾವವೂ ಸೇರಿಕೊಂಡಿತು. ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೆಯ ಒಂದು ಭಾಗದಷ್ಟು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ಸಾಬೀತುಪಡಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ಅದೇ ಪ್ರಯೋಗ ಹೇಳಿತ್ತು. ಆದರೆ ಎರಡನೆಯ ಅಲೆಯ ಗಾಬರಿಯಲ್ಲಿ ಅನೇಕರು ಬೇಗನೆ, ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಅದನ್ನು ನುಂಗಿದರು. ಸ್ಟಿರಾಯ್ಡ್ ಯಕೃತ್ತಿನಿಂದ ಗ್ಲೂಕೋಸನ್ನು ಹೊರಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ.

ಇದರ ಫಲ 2021ರ ಮೇ ತಿಂಗಳಲ್ಲಿ 'ಕಪ್ಪು ಶಿಲೀಂಧ್ರ'ದ ರೂಪದಲ್ಲಿ ಕಾಣಿಸಿತು. ಹಳಸಿದ ಬ್ರೆಡ್ಡಿನ ಮೇಲೆ ಬೂಷ್ಟು ಕಟ್ಟುವ ಶಿಲೀಂಧ್ರಗಳ ಬಳಗವೇ ಇದು. ರಕ್ತ ಆಮ್ಲೀಯವಾದಾಗ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ತಾನು ಹಿಡಿದಿಟ್ಟ ಕಬ್ಬಿಣವನ್ನು ಸಡಿಲಿಸುತ್ತದೆ. ಶಿಲೀಂಧ್ರಕ್ಕೆ ಸಕ್ಕರೆಯ ಜೊತೆಗೆ ಕಬ್ಬಿಣವೂ ಸಿಕ್ಕಿದಂತಾಯಿತು. ಅದು ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಿತು. ರಾಜ್ಯ ಸರ್ಕಾರ ಇದರ ಚಿಕಿತ್ಸೆಗೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಮೈಸೂರು ವೈದ್ಯಕೀಯ ಕಾಲೇಜೂ ಒಂದು.

ಭೌತವಿಜ್ಞಾನಿಯ ಲೆಕ್ಕ

ಪ್ರಯೋಗಶಾಲೆಯಲ್ಲಿ ಗೈಗರ್ ಕೌಂಟರ್ ಬಳಸುವಾಗ ನಾವು ಮೊದಲು ವಿಕಿರಣದ ಆಕರವಿಲ್ಲದೆ ಹಿನ್ನೆಲೆ ಎಣಿಕೆ ತೆಗೆದುಕೊಳ್ಳುತ್ತೇವೆ. ಅನಂತರ ಆಕರವಿಟ್ಟು ಎಣಿಸಿ ಹಿನ್ನೆಲೆಯನ್ನು ಕಳೆಯುತ್ತೇವೆ. ಸಾವಿನ ಎಣಿಕೆಗೂ ಇದೇ ವಿಧಾನ. ದೇಶದಲ್ಲಿ 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ ಸಾವುಗಳು ನೋಂದಣಿಯಾದವು. 2021ರಲ್ಲಿ ಕೋವಿಡ್‌ನಿಂದ ಎಂದು ಸರ್ಕಾರ ಲೆಕ್ಕ ಹಾಕಿದ್ದು ಸುಮಾರು 3.3 ಲಕ್ಷ. ನೋಂದಣಿಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದನ್ನು ಗಮನಿಸಿದರೂ ವ್ಯತ್ಯಾಸ ಬಹಳ ದೊಡ್ಡದು.

ಈಗ ಮೂರು ಲಕ್ಷ ಜನರಿರುವ ಒಂದು ತಾಲ್ಲೂಕನ್ನು ಊಹಿಸಿಕೊಳ್ಳಿ. ವರ್ಷಕ್ಕೆ ಸಾವಿರಕ್ಕೆ 6ರಂತೆ ತಿಂಗಳಿಗೆ 150 ಸಾವು. ಸಹಜ ಏರಿಳಿತ ಇದರ ವರ್ಗಮೂಲ, ಅಂದರೆ ಸುಮಾರು 12. ಒಂದು ತಿಂಗಳಲ್ಲಿ 300 ಸಾವು ಕಂಡರೆ ಹೆಚ್ಚಳ ಏರಿಳಿತದ 12 ಪಟ್ಟು. ಸಂಶಯಕ್ಕೆ ಎಡೆಯೇ ಇಲ್ಲ. ಆದರೆ 'ಮಧುಮೇಹ' ಎಂದು ಬರೆದ ಸಾವುಗಳು ತಿಂಗಳಿಗೆ 10 ಇದ್ದು 16 ಆದರೆ? ಏರಿಳಿತವೇ 3. ಹೆಚ್ಚಳ ಅದರ ಎರಡು ಪಟ್ಟು ಮಾತ್ರ, ಖಚಿತವಾಗಿ ಏನೂ ಹೇಳಲಾಗದು. ಅದರಲ್ಲೂ ಬರೆದ ಕಾರಣವೇ ತಪ್ಪಾಗಿದ್ದರೆ ಯಾವ ಗಣಿತವೂ ಅದನ್ನು ಸರಿಪಡಿಸಲಾರದು. ಒಟ್ಟು ಸಾವನ್ನು ಕಳೆಯುವ ಲೆಕ್ಕದಿಂದ ಮರಳಿ ಪಡೆಯಬಹುದು. ಕಾರಣವನ್ನು ಬರೆದುಕೊಳ್ಳಬೇಕಾದದ್ದು ಅಂದೇ.

ಅದನ್ನು ಬರೆಯುವವರು ಎಷ್ಟು ಮಂದಿ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು 22.5% ಮಾತ್ರ. ಉಳಿದ ಕಡೆ ಮನೆಯವರ ಮಾತೇ ಆಧಾರ. ಇದರಿಂದಾದ ನಷ್ಟ ವಿಜ್ಞಾನಕ್ಕಷ್ಟೇ ಅಲ್ಲ. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 2021ರಲ್ಲಿ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ರಾಜ್ಯ ಸರ್ಕಾರ ಇನ್ನೂ ಒಂದು ಲಕ್ಷ ಘೋಷಿಸಿತು. ಪರೀಕ್ಷೆಯ ವರದಿಯಾಗಲಿ ಆಸ್ಪತ್ರೆಯ ದಾಖಲೆಯಾಗಲಿ ಇಲ್ಲದ ನಮ್ಮ ಚಿಕ್ಕಮ್ಮ ಅರ್ಜಿಯನ್ನೇ ಹಾಕಲಿಲ್ಲ.

ಶಿಕ್ಷಕರಿಗೆ ಒಂದು ಸೂಚನೆ. ಮಾದರಿ ಮರಣಕಾರಣ ಪತ್ರವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದು ಕಾಲ್ಪನಿಕ ಪ್ರಕರಣವನ್ನು ಕೊಟ್ಟು, ವಿದ್ಯಾರ್ಥಿಗಳಿಂದ ಸರಪಳಿಯನ್ನು ತುಂಬಿಸಿ. ಕಾರ್ಯಕಾರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಚಿಕಿತ್ಸೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಜ್ವರ ಬಂದರೆ ಸಕ್ಕರೆಯನ್ನೂ ಅಳೆಯಿಸಿ, ಜ್ವರದ ಪರೀಕ್ಷೆಯನ್ನೂ ತಪ್ಪಿಸಬೇಡಿ. ಆ ಚೀಟಿಗಳು ಮೊದಲು ಬದುಕಿರುವವರ ಉಪಯೋಗಕ್ಕೆ, ಲೆಕ್ಕ ಆಮೇಲಿನದು. ಚಿಕ್ಕಪ್ಪನ ಮನೆಯಲ್ಲಿ ಅಂತಹ ಒಂದು ಚೀಟಿಯೂ ಇರಲಿಲ್ಲ.