ಆಹಾರ ಛಾಯಾಗ್ರಹಣ: ಕಲಿಕೆ, ಸ್ವಯಂ ಉದ್ಯೋಗ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಹೋಟೆಲ್, ಖಾನಾವಳಿ, ಬೇಕರಿ ಮತ್ತು ಸಿಹಿತಿಂಡಿ ಅಂಗಡಿಗಳು, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತಯಾರಿಸುವ ಗೃಹ ಕೈಗಾರಿಕೆಗಳು ಹಾಗೂ ಸ್ವಸಹಾಯ ಸಂಘಗಳು ತಮ್ಮ ಪದಾರ್ಥಗಳ ಮಾರಾಟಕ್ಕೆ ಬಳಸುವ ಛಾಯಾಚಿತ್ರಗಳನ್ನು ತೆಗೆದುಕೊಡುವ ವೃತ್ತಿಗೆ ಆಹಾರ ಛಾಯಾಗ್ರಹಣ ಎಂದು ಹೆಸರು. ಹಿಂದೆ ಈ ಕೆಲಸವು ಜಾಹೀರಾತು ಸಂಸ್ಥೆಗಳಿದ್ದ ದೊಡ್ಡ ನಗರಗಳಿಗೆ ಬಹುಮಟ್ಟಿಗೆ ಸೀಮಿತವಾಗಿತ್ತು. ಮನೆಬಾಗಿಲಿಗೆ ಊಟ ತಲುಪಿಸುವ ಸೇವೆಗಳು (2014ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಸ್ವಿಗ್ಗಿ ಇವುಗಳಲ್ಲೊಂದು) ಇತರ ಊರುಗಳಿಗೂ ವಿಸ್ತರಿಸಿದ ತರುವಾಯ ಸಣ್ಣ ಹೋಟೆಲಿನ ಮಾಲೀಕರಿಗೂ ತಮ್ಮ ದೋಸೆಯ ಒಂದು ಒಳ್ಳೆಯ ಚಿತ್ರ ಅಗತ್ಯವಾಗಿದೆ. ಗ್ರಾಹಕರಿಗೆ ಒಗ್ಗರಣೆಯ ಪರಿಮಳ ತಲುಪುವ ಮೊದಲು ಮೊಬೈಲಿನಲ್ಲಿ ಚಿತ್ರ ತಲುಪುತ್ತದೆ.

ಈ ವೃತ್ತಿಯನ್ನು ಕೈಗೊಳ್ಳಲು ಸಾಲ ಅಥವಾ ಸಹಾಯಧನಕ್ಕಾಗಿ ಅರ್ಜಿ ಸಲ್ಲಿಸುವವರ ಯೋಜನಾ ವರದಿಗಳಲ್ಲಿ ಕ್ಯಾಮೆರಾದ ಬೆಲೆಯೇ ಮೊದಲ ಸಾಲಿನಲ್ಲಿ ಬರುವುದು ವಾಡಿಕೆ. ಈ ಕ್ರಮವು ಸೂಕ್ತವಲ್ಲ. ಬೆಳಕನ್ನು ತಿಳಿಯುವುದು ಮೊದಲು, ಕೆಲಸ ದೊರಕಿಸಿಕೊಳ್ಳುವುದು ಅನಂತರ, ಸಾಲ ಮಾಡಿ ಉಪಕರಣ ಕೊಳ್ಳುವುದು ಕೊನೆಗೆ. ಇದನ್ನು ಗಮನದಲ್ಲಿಟ್ಟುಕೊಂಡು ಮುಂದಿನ ಮಾಹಿತಿಯನ್ನು ಓದತಕ್ಕದ್ದು.

ಕಲಿಕೆಯ ವಿಧಾನ

ಆರಂಭದ ಕೆಲವು ತಿಂಗಳ ಅಭ್ಯಾಸಕ್ಕೆ ಕೈಯಲ್ಲಿರುವ ಮೊಬೈಲ್ ಫೋನ್, ನೇರ ಬಿಸಿಲು ಬೀಳದ ಒಂದು ಕಿಟಕಿ ಹಾಗೂ ಒಂದು ಬಿಳಿ ಥರ್ಮೋಕೋಲ್ ಹಾಳೆ ಸಾಕಾಗುತ್ತವೆ. ತಟ್ಟೆಯನ್ನು ಕಿಟಕಿಯ ಪಕ್ಕದಲ್ಲಿಟ್ಟು, ಬೆಳಕು ಒಂದು ಬದಿಯಿಂದ ಅಥವಾ ಹಿಂಬದಿಯಿಂದ ಬೀಳುವಂತೆ ಮಾಡಿ, ಎದುರು ಬದಿಯಲ್ಲಿ ಥರ್ಮೋಕೋಲ್ ಹಾಳೆಯನ್ನು ನಿಲ್ಲಿಸಿದಲ್ಲಿ ನೆರಳು ಹದಕ್ಕೆ ಬರುತ್ತದೆ. ಕ್ಯಾಮೆರಾದ ಕಡೆಯಿಂದಲೇ ಬೆಳಕು ಬಿದ್ದರೆ ಪದಾರ್ಥವು ಚಪ್ಪಟೆಯಾಗಿ ಕಾಣುತ್ತದೆ. ಫೋನಿನ ಫ್ಲ್ಯಾಷ್ ಬಳಸಿ ತೆಗೆದ ಚಿತ್ರಗಳು ಹಸಿವನ್ನು ಹುಟ್ಟಿಸದಿರಲು ಇದೇ ಮುಖ್ಯ ಕಾರಣ. ಬಿಸಿಲು ಜೋರಾಗಿದ್ದಲ್ಲಿ ಕಿಟಕಿಗೆ ಬಟರ್ ಪೇಪರ್ ಅಥವಾ ತೆಳುವಾದ ಬಿಳಿ ಪಂಚೆ ಕಟ್ಟಬಹುದು.

ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆಯುವಾಗ ಕೋಣೆಯ ಟ್ಯೂಬ್‌ಲೈಟನ್ನು ಆರಿಸುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಎರಡು ಬಗೆಯ ಬೆಳಕು ಬೆರೆತಾಗ ಇಡ್ಲಿಯ ಒಂದು ಬದಿ ನೀಲಿಗೂ ಇನ್ನೊಂದು ಬದಿ ಹಸಿರು ಅಥವಾ ಹಳದಿಗೂ ತಿರುಗುತ್ತದೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸುವುದು ಬಹಳ ಕಷ್ಟ. ಬಿಳಿಯ ಪದಾರ್ಥಗಳಾದ ಇಡ್ಲಿ, ನೀರುದೋಸೆ, ಮೊಸರನ್ನ ಇವುಗಳೇ ಉತ್ತಮ ಪಾಠಗಳು. ಇಡ್ಲಿಯು ಬಿಳಿಯಾಗಿ, ಅದರ ಮೇಲ್ಮೈಯ ಸಣ್ಣ ರಂಧ್ರಗಳೂ ಕಾಣುವಂತೆ ತೆಗೆಯಲು ಬಂದವರಿಗೆ ಉಳಿದ ಬಹುತೇಕ ಕೆಲಸ ಸುಲಭವಾಗುತ್ತದೆ.

ನಮ್ಮ ಊಟದ ಪದ್ಧತಿಯೇ ಕೆಲವು ವಿಶೇಷ ತೊಡಕುಗಳನ್ನು ಒಡ್ಡುತ್ತದೆ. ಹೊರದೇಶದ ಪಾಠಗಳಲ್ಲಿ ಇವುಗಳಿಗೆ ಉತ್ತರ ದೊರೆಯುವುದು ವಿರಳ. ಸ್ಟೀಲ್ ತಟ್ಟೆ ಮತ್ತು ಲೋಟಗಳು ಕನ್ನಡಿಯಂತೆ ವರ್ತಿಸಿ, ಕೋಣೆಯನ್ನೂ ಚಿತ್ರ ತೆಗೆಯುವವರನ್ನೂ ತೋರಿಸಿಬಿಡುತ್ತವೆ. ಪಾತ್ರೆಯ ಸುತ್ತ ಬಿಳಿಯ ಹಾಳೆಗಳನ್ನು ನಿಲ್ಲಿಸಿ, ಪ್ರತಿಬಿಂಬದಲ್ಲಿ ಬಿಳುಪು ಮಾತ್ರ ಕಾಣುವಂತೆ ಮಾಡುವುದೇ ಪರಿಹಾರ. ರಾಗಿಮುದ್ದೆ, ಬಸ್ಸಾರು ಮುಂತಾದ ಕಡುಬಣ್ಣದ ಪದಾರ್ಥಗಳನ್ನು ಕಪ್ಪು ಹಿನ್ನೆಲೆಯಲ್ಲಿಟ್ಟರೆ ಅಂಚು ಮಾಯವಾಗುತ್ತದೆ. ಹಿಂಬದಿಯ ಬೆಳಕು ಮುದ್ದೆಯ ನುಣುಪನ್ನು ಎತ್ತಿ ತೋರಿಸುತ್ತದೆ. ಬಾಳೆ ಎಲೆಯ ಊಟವನ್ನು ನೇರವಾಗಿ ಮೇಲಿನಿಂದ ತೆಗೆಯುವುದು ಉಚಿತ. ಎತ್ತರವೇ ಅಂದವಾಗಿರುವ ಪೂರಿ ಅಥವಾ ಇಡ್ಲಿಯ ಸಾಲನ್ನು ತಟ್ಟೆಯ ಮಟ್ಟದಿಂದ ತೆಗೆಯಬೇಕು. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು, ಉಪ್ಪು ಎಡಗಡೆಯ ಮೇಲಿನ ಮೂಲೆಯಲ್ಲಿರಬೇಕು. ಇದು ತಪ್ಪಿದ ಚಿತ್ರವನ್ನು ಊರಿನ ಹಿರಿಯರೊಬ್ಬರು ನೋಡಿದೊಡನೆ ಗುರುತಿಸುತ್ತಾರೆ, ಆ ಹೋಟೆಲಿನ ಮೇಲಿನ ವಿಶ್ವಾಸವೂ ಕಡಿಮೆಯಾಗುತ್ತದೆ.

ಪದಾರ್ಥಗಳಿಗೆ ಆಯುಷ್ಯ ಕಡಿಮೆ. ಗರಿಗರಿಯಾದ ದೋಸೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ, ಕಾಫಿಯ ನೊರೆ ಇಳಿಯುತ್ತದೆ, ಬಿಸಿಬೇಳೆ ಬಾತ್ ಗಟ್ಟಿಯಾಗುತ್ತದೆ. ಆದುದರಿಂದ ಮೊದಲು ಬದಲಿ ತಟ್ಟೆಯೊಂದನ್ನಿಟ್ಟು ಬೆಳಕು, ಕೋನ, ಹಿನ್ನೆಲೆ ಎಲ್ಲವನ್ನೂ ಸಿದ್ಧಪಡಿಸಿಕೊಂಡು, ಆಮೇಲೆ ಅಡುಗೆಯವರಿಗೆ ಕಾವಲಿಗೆ ಹಿಟ್ಟು ಹೊಯ್ಯಲು ಹೇಳತಕ್ಕದ್ದು. ಅಡುಗೆಮನೆಯವರೊಡನೆ ಗೌರವದಿಂದ ವರ್ತಿಸುವುದೂ ಈ ವೃತ್ತಿಯ ಕೌಶಲವೇ ಆಗಿದೆ. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಚಿತ್ರೀಕರಣಕ್ಕೆ ಹೋಗುವುದು ಸರಿಯಲ್ಲ. ತಿಂಡಿ ಮತ್ತು ಊಟದ ನಡುವಿನ ಅಥವಾ ಮಧ್ಯಾಹ್ನ ಮೂರರ ನಂತರದ ಬಿಡುವಿನ ವೇಳೆಯನ್ನು ಆರಿಸಿಕೊಳ್ಳಬೇಕು.

ತರಬೇತಿ

ಗ್ರಾಮೀಣ ಯುವಜನರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಛಾಯಾಗ್ರಹಣ ಮತ್ತು ವಿಡಿಯೋಗ್ರಫಿಯ ಅಲ್ಪಾವಧಿ ತರಬೇತಿಯು ಊಟ ವಸತಿ ಸಹಿತ ಉಚಿತವಾಗಿ ದೊರೆಯುತ್ತದೆ. ಈ ಬಗೆಯ ಸಂಸ್ಥೆಗಳಿಗೆ ಮಾದರಿಯಾದ ರುಡ್‌ಸೆಟ್ ಸಂಸ್ಥೆಯು 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಆರಂಭಗೊಂಡಿತು. ಸದರಿ ತರಬೇತಿಯಲ್ಲಿ ಮದುವೆ ಮತ್ತು ಸಮಾರಂಭಗಳ ಚಿತ್ರೀಕರಣಕ್ಕೆ ಒತ್ತು ಹೆಚ್ಚು. ಆಹಾರದ ವಿಷಯವನ್ನು ಅಭ್ಯರ್ಥಿಯು ಸ್ವಂತ ಅಭ್ಯಾಸದಿಂದಲೇ ಕಲಿಯಬೇಕಾಗುತ್ತದೆ. ತರಬೇತಿಯ ಪ್ರಮಾಣಪತ್ರ ಬ್ಯಾಂಕಿಗೆ ಉಪಯುಕ್ತ. ಹೋಟೆಲ್ ಮಾಲೀಕರು ಕೇಳುವುದು ಮಾತ್ರ ಹಿಂದೆ ತೆಗೆದ ಚಿತ್ರಗಳನ್ನೇ. ಆದಕಾರಣ ಮನೆಯಲ್ಲಿ ಮತ್ತು ಪರಿಚಯದ ಅಂಗಡಿಗಳಲ್ಲಿ ತೆಗೆದ ಇಪ್ಪತ್ತು ಉತ್ತಮ ಚಿತ್ರಗಳ ಸಂಗ್ರಹವೊಂದನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು.

ಉಪಕರಣ ಮತ್ತು ಸಾಲ

ನಿಯಮಿತವಾಗಿ ಕೆಲಸ ಬರಲಾರಂಭಿಸಿದ ಮೇಲೆ ಸಾಧಾರಣ ದರ್ಜೆಯ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಗಟ್ಟಿಯಾದ ಟ್ರೈಪಾಡ್ ಹಾಗೂ ಬಣ್ಣವನ್ನು ಯಥಾವತ್ತಾಗಿ ತೋರಿಸುವ ಒಂದು ಎಲ್‌ಇಡಿ ದೀಪ ಇವಿಷ್ಟರಿಂದ ವೃತ್ತಿಯನ್ನು ನಡೆಸಬಹುದು. ಕ್ಯಾಮೆರಾವನ್ನು ಮೊದಲು ದಿನ ಬಾಡಿಗೆಗೆ ಪಡೆದು ನೋಡುವುದು ಜಾಣತನ.

ಒಂದು ಲೆಕ್ಕವನ್ನು ಅರ್ಜಿದಾರರು ಗಮನಿಸಬೇಕು. ಶೇಕಡ 12ರ ಬಡ್ಡಿಗೆ 3 ಲಕ್ಷ ರೂಪಾಯಿ ಸಾಲ ಪಡೆದು ಮೂರು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 9,960 ರೂಪಾಯಿ ಆಗುತ್ತದೆ. ಒಂದು ದಿನದ ಚಿತ್ರೀಕರಣಕ್ಕೆ 4,000 ರೂಪಾಯಿ ಪಡೆಯುವವರು ಮನೆಗೆ ಒಂದು ರೂಪಾಯಿಯನ್ನೂ ತರುವ ಮೊದಲು, ಕಂತಿಗೆಂದೇ ತಿಂಗಳಿಗೆ ಮೂರು ದಿನದ ಕೆಲಸ ಹೊಂದಿಸಬೇಕು. ಒಂದು ದಿನದ ಚಿತ್ರೀಕರಣದ ಹಿಂದೆ ಒಂದು ದಿನದ ಕಂಪ್ಯೂಟರ್ ಕೆಲಸವೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಊರಿನಲ್ಲಿ ಅಷ್ಟು ಕೆಲಸವಿದೆಯೇ ಎಂಬುದನ್ನು ಮೂರು ತಿಂಗಳು ನೋಡಿಯೇ ಅರ್ಜಿ ಸಲ್ಲಿಸುವುದು ಕ್ಷೇಮ.

ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನವಿಲ್ಲದೆ ಸಾಲಕ್ಕೆ ಅರ್ಜಿ ಸಲ್ಲಿಸಬಹುದು. ಮೊದಲ ಬಾರಿಗೆ ಈ ವೃತ್ತಿಗೆ ಇಳಿಯುವವರಿಗೆ ಶಿಶು ವರ್ಗವೇ ಸೂಕ್ತ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಮಾರ್ಗಸೂಚಿಯಂತೆ ಸೇವಾ ವಲಯದ ಘಟಕಗಳಿಗೆ ಯೋಜನಾ ವೆಚ್ಚದ ಮಿತಿ 20 ಲಕ್ಷ ರೂಪಾಯಿ. ಸಾಮಾನ್ಯ ವರ್ಗದವರಿಗೆ ನಗರ ಪ್ರದೇಶದಲ್ಲಿ ಶೇಕಡ 15, ಗ್ರಾಮೀಣ ಪ್ರದೇಶದಲ್ಲಿ ಶೇಕಡ 25. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮುಂತಾದ ವಿಶೇಷ ವರ್ಗದವರಿಗೆ ಕ್ರಮವಾಗಿ ಶೇಕಡ 25 ಮತ್ತು 35ರಷ್ಟು ಸಹಾಯಧನವನ್ನು ಅದರಲ್ಲಿ ನಿಗದಿಪಡಿಸಲಾಗಿತ್ತು. ಆ ಮಾರ್ಗಸೂಚಿಯು 2025-26ನೇ ಸಾಲಿನವರೆಗಿನ ಅವಧಿಗೆ ಸಂಬಂಧಿಸಿದ್ದು, ಚಾಲ್ತಿಯಲ್ಲಿರುವ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು. ಸಾಲ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ಸಂಪರ್ಕಿಸಬಾರದು.

ಚಿತ್ರ ಮತ್ತು ಪದಾರ್ಥ ಒಂದೇ ಆಗಿರಬೇಕು

ಹಾಲಿನ ಬದಲು ಅಂಟು, ಸಿಹಿ ಪಾಕದ ಬದಲು ಎಂಜಿನ್ ಎಣ್ಣೆ ಬಳಸಿ ಚಿತ್ರ ತೆಗೆಯುವ ಪದ್ಧತಿ ಜಾಹೀರಾತು ಲೋಕದಲ್ಲಿ ಇತ್ತು. ಹೋಟೆಲಿನ ಪಟ್ಟಿಗಾಗಿ ತೆಗೆಯುವ ಚಿತ್ರದಲ್ಲಿ ಇಂತಹ ಉಪಾಯಗಳು ಸಲ್ಲವು. ನಾಲ್ಕು ಗೋಡಂಬಿ ಹಾಕುವ ಕಡೆ ಹದಿನಾಲ್ಕು ತೋರಿಸಿದರೆ ಮೊದಲ ದೂರು ಹೋಟೆಲಿಗೆ ಬರುತ್ತದೆ, ಎರಡನೆಯ ಕೆಲಸ ಛಾಯಾಗ್ರಾಹಕರಿಗೆ ಬರುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 53ನೇ ಕಲಮಿನನ್ವಯ ಆಹಾರ ಪದಾರ್ಥದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತನ್ನು ಪ್ರಕಟಿಸುವವರಿಗಷ್ಟೇ ಅಲ್ಲದೆ, ಅದರ ಪ್ರಕಟಣೆಯಲ್ಲಿ ಭಾಗಿಯಾದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಮೇಲೊಂದಿಷ್ಟು ಎಣ್ಣೆ ಸವರುವುದು, ಕೊತ್ತಂಬರಿ ಸೊಪ್ಪನ್ನು ತಾಜಾ ಇಡುವುದು ಇವುಗಳಿಗೆ ಅಡ್ಡಿಯಿಲ್ಲ. ಅಳತೆಯನ್ನೂ ಪದಾರ್ಥವನ್ನೂ ಬದಲಿಸಬಾರದು.

ಹಕ್ಕುಸ್ವಾಮ್ಯ ಮತ್ತು ಲಿಖಿತ ಒಪ್ಪಂದ

ಹೊಸಬರು ಹೆಚ್ಚಾಗಿ ನಷ್ಟ ಅನುಭವಿಸುವುದು ಇಲ್ಲಿಯೇ. ಚಿತ್ರ ತೆಗೆದವರೇ ಅದರ ಒಡೆಯರು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹಕ್ಕುಸ್ವಾಮ್ಯ ಕಾಯ್ದೆ, 1957ರ 17ನೇ ಕಲಮಿನ ಪ್ರಕಾರ ಬೇರೊಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ ಆಗಿರುತ್ತಾರೆ. ಇದಕ್ಕೆ ವಿರುದ್ಧವಾದ ಒಪ್ಪಂದವಿದ್ದಲ್ಲಿ ಮಾತ್ರ ಬದಲಾಗುತ್ತದೆ. ಅಂದರೆ, ಬಾಯಿಮಾತಿನ ಮೇಲೆ 2,000 ರೂಪಾಯಿಗೆ ತೆಗೆದ ಹೋಳಿಗೆಯ ಚಿತ್ರವನ್ನು ಆ ಅಂಗಡಿಯವರು ಫಲಕಕ್ಕೆ, ಪೊಟ್ಟಣಕ್ಕೆ, ಹೊಸ ಶಾಖೆಗಳಿಗೆ ಎಷ್ಟು ವರ್ಷ ಬೇಕಾದರೂ ಬಳಸಬಹುದು. ತೆಗೆದವರು ಅದನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ.

ಹಕ್ಕನ್ನು ಉಳಿಸಿಕೊಳ್ಳಬಯಸುವವರು ಚಿತ್ರೀಕರಣಕ್ಕೆ ಮೊದಲೇ ಒಂದು ಪುಟದ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಪಡೆಯತಕ್ಕದ್ದು. ಹಕ್ಕು ಯಾರದು, ಚಿತ್ರಗಳ ಸಂಖ್ಯೆ, ಎಲ್ಲಿ ಮತ್ತು ಎಷ್ಟು ಅವಧಿಗೆ ಬಳಸಬಹುದು, ಮುಂಗಡವೆಷ್ಟು, ಬಾಕಿ ಹಣ ಯಾವ ದಿನ, ಎಷ್ಟು ಬಾರಿ ತಿದ್ದುಪಡಿ ಮಾಡಿಕೊಡಲಾಗುವುದು, ಪದಾರ್ಥಗಳ ಖರ್ಚು ಯಾರದು ಎಂಬುದು ಅದರಲ್ಲಿರಬೇಕು. ಸ್ವಂತ ಸಂಗ್ರಹದಲ್ಲಿ ತೋರಿಸಲು ಅನುಮತಿಯನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಹಕ್ಕನ್ನು ಲಿಖಿತವಾಗಿ ವರ್ಗಾಯಿಸುವಾಗ ಅವಧಿ ನಮೂದಿಸದಿದ್ದಲ್ಲಿ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತದೊಳಗೆ ಮಾತ್ರವೆಂದೂ 19ನೇ ಕಲಮು ಹೇಳುತ್ತದೆ. ಯಾರೂ ಕೇಳದೆ ತಾವಾಗಿಯೇ ತೆಗೆದ ಚಿತ್ರಗಳ ಹಕ್ಕು ತಮ್ಮದೇ.

ನೋಂದಣಿ ಮತ್ತು ಬಾಕಿ ವಸೂಲಿ

ಕೇವಲ ಚಿತ್ರ ತೆಗೆಯುವವರಿಗೆ ಆಹಾರ ಪರವಾನಗಿಯ ಅಗತ್ಯವಿರುವುದಿಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ಉದ್ಯಮ್ ನೋಂದಣಿಯನ್ನು ಮಾತ್ರ ಕೆಲಸ ಆರಂಭಿಸುವ ಮೊದಲೇ ಮಾಡಿಸಿಕೊಳ್ಳಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಾಕು. ಸರ್ಕಾರದ ಅಧಿಕೃತ ತಾಣದಲ್ಲಿ ಯಾವ ಶುಲ್ಕವೂ ಇಲ್ಲ.

ಇದರ ಪ್ರಯೋಜನ ಹಣ ಬಾರದಿದ್ದಾಗ ತಿಳಿಯುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸೇವೆ ಪಡೆದವರು ಒಪ್ಪಿದ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಪಾವತಿಸಬೇಕು. ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಬಾಕಿ ಉಳಿದವರು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ದೂರಿನೊಂದಿಗೆ ಉದ್ಯಮ್ ಪ್ರಮಾಣಪತ್ರ, ಕೆಲಸ ಒಪ್ಪಿಸಿದ ಪತ್ರ ಅಥವಾ ವಾಟ್ಸಾಪ್ ಸಂದೇಶದ ಪ್ರತಿ, ಬಿಲ್ಲು ಹಾಗೂ ಚಿತ್ರಗಳನ್ನು ತಲುಪಿಸಿದ ದಿನಾಂಕದ ದಾಖಲೆ ಲಗತ್ತಿಸಬೇಕು. ಆದುದರಿಂದ ಅಂತಿಮ ಚಿತ್ರಗಳನ್ನು ಇಮೇಲ್ ಮೂಲಕವೇ ಕಳುಹಿಸಿ, ತಲುಪಿದ ಬಗ್ಗೆ ಒಂದು ಸಾಲಿನ ಉತ್ತರ ಪಡೆದು ಇಟ್ಟುಕೊಳ್ಳತಕ್ಕದ್ದು.